ಕನ್ನಡಿಯ ಕೆಳಗಿನ ತುದಿ

ದೊಡ್ಡ ಗಾಜನ್ನು ಮೆಟ್ಟಿಲು ಹತ್ತಿಸಬೇಕಾದರೆ ಇಬ್ಬರು ಬೇಕು. ಒಬ್ಬ ಮೇಲಿನ ತುದಿ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಹೋಗುತ್ತಾನೆ. ಇನ್ನೊಬ್ಬ ಕೆಳಗಿನ ತುದಿ ಹಿಡಿದು ಹತ್ತುತ್ತಾನೆ. ಮುಕ್ಕಾಲು ಪಾಲು ಭಾರ ಬೀಳುವುದು ಕೆಳಗಿನವನ ಮೇಲೆ. ಆದ್ದರಿಂದ ಅಲ್ಲಿ ಮಾತೂ ಅವನದೇ ನಡೆಯಬೇಕು. ಅವನು ‘ನಿಲ್ಲು’ ಎಂದರೆ ನಿಲ್ಲಬೇಕು, ‘ಎತ್ತು’ ಎಂದರೆ ಎತ್ತಬೇಕು. ಗಾಜಿನ ಅಂಗಡಿಯಲ್ಲಿ ಯಜಮಾನ ಯಾರೆಂದು ತಿಳಿಯಲು ಬೋರ್ಡು ಓದಬೇಕಾಗಿಲ್ಲ, ಮೆಟ್ಟಿಲ ಮೇಲೆ ಕೆಳಗಿನ ತುದಿ ಯಾರ ಕೈಯಲ್ಲಿದೆ ನೋಡಿದರೆ ಸಾಕು.

ಈ ತುದಿಯನ್ನು ಗಾಜಣ್ಣ ಹತ್ತೊಂಬತ್ತು ವರ್ಷ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮೇಲಿನ ತುದಿ ಅವನ ಭಾಮೈದನದು, ಅಂದರೆ ಹೆಂಡತಿಯ ತಮ್ಮನದು. ಭಾವನಿಗೆ ಐವತ್ತೆರಡು, ಭಾಮೈದನಿಗೆ ನಲವತ್ತು. ಒಬ್ಬನಿಗೆ ಮೂಗಿನ ತುದಿಯಲ್ಲೇ ಕೋಪ. ಇನ್ನೊಬ್ಬನ ಬಾಯಲ್ಲಿ ನಾಲ್ಕು ಮಾತು ಹೊರಡಿಸಬೇಕಾದರೆ ಸಾಕುಸಾಕಾಗುತ್ತಿತ್ತು. ಹಾಗಿದ್ದೂ ಇಬ್ಬರೂ ಗಾಜು ಹೊತ್ತರೆ ನಾಲ್ಕು ಕಾಲಿನ ಒಂದೇ ಪ್ರಾಣಿ ನಡೆದ ಹಾಗೆ ಕಾಣುತ್ತಿತ್ತು. ಬೀದಿಯವರು ಮಾಡುತ್ತಿದ್ದ ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು.

ಅಂಥದ್ದರಲ್ಲಿ ಹೋದ ವರ್ಷ ಒಂದು ಬ್ಯಾಂಕಿನ ಮೊದಲ ಮಹಡಿಗೆ ದಪ್ಪ ಗಾಜಿನ ಬಾಗಿಲು ಸಾಗಿಸುವಾಗ, ಗಾಜಣ್ಣ ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಭಾಮೈದ ಹೋಗಿ ಕೆಳಗಿನ ತುದಿಯಲ್ಲಿ ನಿಂತುಬಿಟ್ಟಿದ್ದ.

“ಭಾವ, ನೀವು ಮೇಲೆ ನಡೀರಿ. ಕೆಳಗೆ ನಾನಿರ್ತೀನಿ.”

“ಯಾಕೋ?”

“ಸುಮ್ನೆ.”

ಆ ‘ಸುಮ್ನೆ’ ಮರುವಾರವೂ ಬಂತು, ಅದರ ಮರುವಾರವೂ ಬಂತು. ತಿಂಗಳು ತುಂಬುವುದರೊಳಗೆ ಅದೇ ವಾಡಿಕೆಯಾಯಿತು. ಗಾಜಣ್ಣ ಒಳಗೊಳಗೇ ಕುದಿದುಹೋದ. ಓಹೋ, ಇವತ್ತು ಗಾಜಿನ ತುದಿ, ನಾಳೆ ಅಂಗಡಿಯ ಬೀಗದಕೈ, ನಾಡಿದ್ದು ನನಗೊಂದು ಕುರ್ಚಿ ಹಾಕಿ ‘ಕೂತಿರಿ ಭಾವ’ ಅನ್ನುತ್ತಾನೆ ಎಂದು ಲೆಕ್ಕ ಹಾಕಿದ. ಎಳೆಯವನಾಗಿದ್ದಾಗಿನಿಂದ ನಾನು ಕೈಹಿಡಿದು ಕೆಲಸ ಕಲಿಸಿದವನೇ ಬಾಲ ಬಿಚ್ಚಿದನಲ್ಲ ಎಂದು ಹೆಂಡತಿಯ ಮುಂದೆ ಗೊಣಗಿ ಹೊಟ್ಟೆ ಉರಿದುಕೊಂಡ.

ಹಾಗಿದ್ದರೆ ‘ಆ ಕಡೆ ಸರಿಯೋ’ ಎಂದು ತನ್ನ ಜಾಗ ಕಿತ್ತುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಿತ್ತುಕೊಳ್ಳಲು ಸೊಂಟ ಬೇಕಿತ್ತು. ಗಾಜಣ್ಣನ ಸೊಂಟ ಅಷ್ಟು ಹೊತ್ತಿಗೆ ಕೈಕೊಟ್ಟಿತ್ತು, ಮತ್ತು ಈ ಸಂಗತಿ ಯಾರಿಗೂ ತಿಳಿಯಕೂಡದೆಂದು ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ.

ನೋವು ಸೊಂಟದ ಎಡಗಡೆ ಹುಟ್ಟಿ, ತೊಡೆಯ ಹಿಂದೆ ಇಳಿದು, ಮೀನಖಂಡ ದಾಟಿ, ಹಿಮ್ಮಡಿಯವರೆಗೆ ಒಂದೇ ಎಳೆಯಾಗಿ ಹರಿಯುತ್ತಿತ್ತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು, ಸೀನಿದರಂತೂ ಜೀವ ಬಾಯಿಗೆ ಬರುತ್ತಿತ್ತು. ಅಂಗಡಿಯಲ್ಲಿ ನೋವು ಜೋರಾದಾಗ ಅವನು ಭಾಮೈದನಿಗೆ ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ, ಎರಡೂ ಕೈಯಲ್ಲಿ ಸೊಂಟ ಅದುಮಿಕೊಂಡು, ಹಲ್ಲು ಕಚ್ಚಿ ನಿಲ್ಲುತ್ತಿದ್ದ. ಒಂದು ನಿಮಿಷ ಕಳೆದ ಮೇಲೆ ಏನೂ ಆಗದವನಂತೆ ತಿರುಗುತ್ತಿದ್ದ. ಆ ಗೋಡೆಯ ತುಂಬ ಮಾರಾಟಕ್ಕಿಟ್ಟ ಕನ್ನಡಿಗಳು. ಅವುಗಳ ಮೇಲೆ ಒಂದು ಗೀರು, ಒಂದು ಚುಕ್ಕೆ ಇದ್ದರೂ ಗಾಜಣ್ಣನ ಕಣ್ಣಿಗೆ ಹತ್ತು ಅಡಿ ದೂರದಿಂದ ಬೀಳುತ್ತಿತ್ತು.

ಹೆಂಡತಿಗೆ ಮಾತ್ರ ಮುಚ್ಚಿಡಲಾಗಲಿಲ್ಲ, ಕಾಲುಚೀಲದ ದೆಸೆಯಿಂದ. ಗಾಜಿನ ಚೂರು ಬೀಳುವ ಜಾಗದಲ್ಲಿ ದಪ್ಪ ಬೂಟು ಬೇಕು, ಬೂಟಿಗೆ ಕಾಲುಚೀಲ ಬೇಕು, ಎಡಗಾಲಿನ ಕಾಲುಚೀಲ ಹಾಕಿಕೊಳ್ಳಲು ಬಾಗಬೇಕು. ಎಂಟು ತಿಂಗಳಿಂದ ಅದನ್ನು ಹೆಂಡತಿಯೇ ಹಾಕುತ್ತಿದ್ದಳು, ಜೊತೆಗೆ ಸಹಸ್ರನಾಮವನ್ನೂ ಹಾಡುತ್ತಿದ್ದಳು.

“ನನಗೊಂದು ಮಗು ಸಾಕಾಗಿತ್ತು, ಇದು ಎರಡನೇದು. ಕಾಲು ಎತ್ತ್ರೀ. ಡಾಕ್ಟ್ರ ಹತ್ರ ಹೋಗಿ ಅಂದ್ರೆ ಜಪ್ಪಯ್ಯ ಅಂದ್ರೂ ಹೋಗಲ್ಲ. ನನ್ನ ತಮ್ಮನಿಗಾದ್ರೂ ಹೇಳ್ತೀನಿ ತಾಳಿ.”

“ಅವನಿಗೆ ಹೇಳಿದ್ರೆ ನಾನು ಈ ಮನೇಲಿ ಊಟ ಮಾಡಲ್ಲ.”

“ಮಾಡ್ಬೇಡಿ. ಕಾಲು ಹಗುರ ಆದ್ರೂ ಆಗುತ್ತೆ.”

ಮುಚ್ಚಿಟ್ಟಿದ್ದು ಹೊರಬಿದ್ದದ್ದು ಚಪ್ಪಲಿ ಅಂಗಡಿಯೊಂದರ ಮುಂದೆ. ಮೆಟ್ಟಿಲೂ ಇಲ್ಲ, ಏನೂ ಇಲ್ಲ, ಸಮತಟ್ಟಾದ ಕಾಲುದಾರಿ. ಪ್ರದರ್ಶನ ಕಿಟಕಿಯ ಗಾಜನ್ನು ಗಾಡಿಯಿಂದ ಇಳಿಸಿ ಹತ್ತು ಹೆಜ್ಜೆ ನಡೆದಿದ್ದರು. ಗಾಜಣ್ಣನ ಎಡಗಾಲು ಇದ್ದಕ್ಕಿದ್ದಂತೆ ತನ್ನದಲ್ಲವೆನ್ನುವಂತೆ ಮರಗಟ್ಟಿತು, ಮೊಣಕಾಲು ಮಡಚಿಕೊಂಡಿತು. ಅವನ ಕೈಯಿಂದ ಗಾಜು ಜಾರಿತು. ಭಾಮೈದ ಎರಡೂ ತೋಳು ಚಾಚಿ ಇಡೀ ಗಾಜನ್ನು ಎದೆಗೆ ಅವಚಿಕೊಂಡು, ಮೆಲ್ಲಗೆ ತನ್ನ ಬೂಟಿನ ಮೇಲೆ ಇಳಿಸಿಕೊಂಡ. ಒಂದು ಮೂಲೆಯೂ ಮುಕ್ಕಾಗಲಿಲ್ಲ. ಗಾಜಣ್ಣ ಮಾತ್ರ ಕಾಲುದಾರಿಯ ಮೇಲೆ ಕೂತುಬಿಟ್ಟಿದ್ದ, ಏಳಲಾಗದೆ, ಸುತ್ತ ಹತ್ತು ಜನ ನಿಂತು ನೋಡುತ್ತಿರುವಾಗ.

“ಅಕ್ಕನಿಗೆ ಫೋನ್ ಮಾಡ್ತೀನಿ ಭಾವ,” ಎಂದ ಭಾಮೈದ. ಗಾಜಣ್ಣನಿಗೆ ಬೇಡವೆನ್ನುವ ಶಕ್ತಿ ಇರಲಿಲ್ಲ.

ಮರುದಿನವೇ ಸುದ್ದಿ ಬೀದಿಯ ತುಂಬ ಹಬ್ಬಿತು. ಮರದ ಅಡ್ಡೆಯಲ್ಲಿ ದಿಮ್ಮಿ ಹೊರುತ್ತಿದ್ದ ಒಬ್ಬ ದಾಂಡಿಗ ಅಂಗಡಿಗೆ ಬಂದು, “ಜೋಡಿಗೆ ಜನ ಬೇಕಂತೆ?” ಎಂದು ಕೇಳಿಯೂ ಕೇಳಿದ. ಭಾಮೈದ ಅಳತೆಪಟ್ಟಿಯಿಂದ ಕಣ್ಣೆತ್ತದೆ, “ಬೇಡ,” ಎಂದ. ಅಷ್ಟೇ. ಇವತ್ತು ಬೇಡ ಅಂದ, ನಾಳೆ ಏನನ್ನುತ್ತಾನೋ ಎಂದು ಗಾಜಣ್ಣ ದಿನ ಎಣಿಸತೊಡಗಿದ. ಏಕೆಂದರೆ ಮೂರು ತಿಂಗಳಲ್ಲಿ ದೊಡ್ಡ ಕೆಲಸವೊಂದಿತ್ತು. ನೃತ್ಯಶಾಲೆಯ ಮೇಡಮ್ಮೊಬ್ಬರು ಮೂರನೇ ಮಹಡಿಯ ತಮ್ಮ ಹಾಲಿಗೆ ಒಂಬತ್ತು ಕನ್ನಡಿ ಹೇಳಿದ್ದರು. ಆರಡಿಗೆ ನಾಲ್ಕಡಿ, ಒಂದೊಂದೂ ಮೂವತ್ತು ಕಿಲೋ ದಾಟುವಂಥದ್ದು, ಲಿಫ್ಟಿಲ್ಲದ ಕಟ್ಟಡ. ಅಷ್ಟರೊಳಗೆ ಬೆನ್ನು ಸರಿಹೋಗದಿದ್ದರೆ ಇನ್ನೊಂದು ತುದಿಗೆ ಬೇರೆಯವನು ಬಂದೇ ಬರುತ್ತಾನೆ. ಬಂದವನು ಹೋಗುವುದಿಲ್ಲ. ಆಮೇಲೆ ತನಗೆ ಉಳಿಯುವುದು ಕುರ್ಚಿಯೇ.

ಮೊದಲ ಆರು ವಾರ ಮಾತ್ರೆ, ಶಾಖ, ವ್ಯಾಯಾಮ ಎಂದು ಕಳೆಯಿತು. ನೋವು ಸ್ವಲ್ಪ ತಗ್ಗಿದಂತೆ ನಟಿಸಿ ಮತ್ತೆ ತಲೆಯೆತ್ತಿತು. ಆಗ ಬೆನ್ನುನೋವಿನ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಸಣ್ಣ ಆಕೃತಿಯ, ಗಡಸು ದನಿಯ ಹೆಂಗಸು ಅವರು.

“ಎರಡು ಮೂಳೆ ನಡುವಿನ ಮೆತ್ತೆ ಇಲ್ಲಿ ಹೊರಗೆ ಉಬ್ಬಿದೆ. ಪಕ್ಕದಲ್ಲಿ ಹೋಗೋ ನರಕ್ಕೆ ಒತ್ತುತ್ತಿದೆ. ನರ ಊದಿಕೊಂಡು ಕೆರಳಿದೆ.”

ಗಾಜಣ್ಣ ಕಣ್ಣು ಕಿರಿದು ಮಾಡಿ ನೋಡಿದ. “ಅಂದ್ರೆ, ಎರಡು ಗಾಜಿನ ಮಧ್ಯೆ ಇಡೋ ರಬ್ಬರು ಹೊರಗೆ ಬಂದಿದೆ.”

“ಹೆಚ್ಚುಕಮ್ಮಿ ಹಾಗೇ,” ಎಂದರು ಡಾಕ್ಟರಮ್ಮ. “ಆ ನರದ ಹತ್ರ ಸ್ಟೆರಾಯ್ಡ್ ಮದ್ದು ಇಂಜೆಕ್ಷನ್ ಕೊಡ್ತೀನಿ. ಊತ ಇಳಿದ್ರೆ ನೋವು ಇಳಿಯುತ್ತೆ. ರಬ್ಬರನ್ನ ಒಳಗೆ ತಳ್ಳಲ್ಲ ಅದು. ಎಲ್ರಿಗೂ ಗುಣ ಆಗುತ್ತೆ ಅಂತಾನೂ ನಾನು ಹೇಳಲ್ಲ. ಗುಣ ಆದ್ರೆ, ಆ ನೋವಿಲ್ಲದ ದಿನಗಳಲ್ಲಿ ನೀವು ವ್ಯಾಯಾಮ ಮಾಡಿ ಬೆನ್ನು ಗಟ್ಟಿ ಮಾಡ್ಕೋಬೇಕು. ಅದು ನಿಮ್ಮ ಕೆಲಸ.”

ಈ ಮಾತನ್ನು ಗಾಜಣ್ಣ ಪಕ್ಕದ ಅಂಗಡಿಯ ಟೈಲರಿಗೆ ಹೇಳಬಾರದಿತ್ತು. ಟೈಲರು ಬಾಯಲ್ಲಿದ್ದ ಗುಂಡುಪಿನ್ನನ್ನು ಕೈಗೆ ತೆಗೆದುಕೊಂಡು, “ಅಯ್ಯಯ್ಯೋ! ಬೆನ್ನಿಗೆ ಸೂಜಿನಾ? ನಮ್ಮ ಸಂಬಂಧಿಕರ ಪೈಕಿ ಒಬ್ಬರು ಹಾಕಿಸ್ಕೊಂಡ್ರು, ಎರಡೂ ಕಾಲು ಬಿದ್ದುಹೋಯ್ತು!” ಎಂದ. ಯಾವ ಸಂಬಂಧಿಕರು, ಯಾವ ಊರು ಎಂದು ಕೇಳಿದರೆ ಟೈಲರಿಗೆ ತಕ್ಷಣ ಹೊಲಿಗೆ ನೆನಪಾಯಿತು. ಆದರೂ ಗಾಜಣ್ಣನ ತಲೆಯಲ್ಲಿ ಹುಳ ಬಿಟ್ಟಾಗಿತ್ತು. ಇಂಜೆಕ್ಷನ್ನಿನ ದಿನ ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಲು ಒಪ್ಪಲಿಲ್ಲ. ಕೊನೆಗೆ ಭಾಮೈದ ಬಾಗಿಲಲ್ಲಿ ಬಂದು ನಿಂತು, “ಭಾವ, ಗಾಡಿ ತಂದಿದೀನಿ,” ಎಂದ. ಅವನೆದುರು ಹೆದರಿದಂತೆ ಕಾಣುವುದಕ್ಕಿಂತ ಕಾಲು ಹೋಗುವುದೇ ವಾಸಿ ಎನ್ನಿಸಿ ಗಾಜಣ್ಣ ಎದ್ದ.

ಇಂಜೆಕ್ಷನ್ ಕೊಡುವ ಕೋಣೆ ತಣ್ಣಗಿತ್ತು. ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿಸಿದರು. ಮೇಲೆ ಎಕ್ಸ್‌ರೇ ಯಂತ್ರ ಬಾಗಿದ ತೋಳಿನಂತೆ ನಿಂತಿತ್ತು. ಟೈಲರ ಮಾತನ್ನು ಮರೆಯಲು ಗಾಜಣ್ಣ ಸುತ್ತ ಕಣ್ಣಾಡಿಸಿದ. ಮುಖ ಪಕ್ಕಕ್ಕೆ ತಿರುಗಿಸಿದಾಗ ಗೋಡೆಯಲ್ಲೊಂದು ಕಿಟಕಿ ಕಂಡಿತು, ಅದರ ಗಾಜಿಗೆ ತೆಳು ಹಳದಿ ಬಣ್ಣ.

“ಅದೇನು ಗಾಜು?” ಎಂದ.

“ಯಾವುದು?” ಡಾಕ್ಟರಮ್ಮ ಬೆನ್ನಿಗೆ ತಣ್ಣನೆಯ ದ್ರವ ಒರೆಸುತ್ತಿದ್ದರು.

“ಆ ಕಿಟಕೀದು. ಹಳದಿ ಹೊಡೀತಿದೆ. ಹಳೇದಾಗಿ ಅಲ್ಲ. ಅದರ ಬಣ್ಣವೇ ಹಾಗಿದೆ.”

“ಸೀಸ ಬೆರೆಸಿದ ಗಾಜು. ಎಕ್ಸ್‌ರೇ ಆಚೆ ಹೋಗದ ಹಾಗೆ ತಡೆಯುತ್ತೆ. ಈಗ ಸಣ್ಣಗೆ ಚುರುಕ್ ಅನ್ನುತ್ತೆ, ಮರಗಟ್ಟಿಸೋ ಮದ್ದು.”

“ಚುರುಕ್ ಅಂತು. ಎಷ್ಟು ದಪ್ಪ ಇದೆ?”

“ಸೂಜಿನಾ?”

“ಗಾಜು!”

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. “ಸೂಜಿ ಎಷ್ಟು ಉದ್ದ ಅಂತ ಎಲ್ರೂ ಕೇಳ್ತಾರೆ. ಗಾಜು ಎಷ್ಟು ದಪ್ಪ ಅಂತ ಕೇಳಿದವರು ನೀವೊಬ್ರೇ. ಅಲ್ಲಾಡಬೇಡಿ. ಈಗ ಕಾಲಿನ ಕಡೆ ಒತ್ತಿದ ಹಾಗಾಗುತ್ತೆ, ನಿಮ್ಮ ಹಳೇ ನೋವಿನ ದಾರೀಲೇ. ಆದ್ರೆ ಹೇಳಿ.”

ಆಯಿತು. ಸೊಂಟದಿಂದ ತೊಡೆ, ತೊಡೆಯಿಂದ ಹಿಮ್ಮಡಿ, ಅದೇ ದಾರಿ. ನರ್ಸಮ್ಮ ಅವನ ಮುಷ್ಟಿಯೊಳಗೆ ತನ್ನ ಎರಡು ಬೆರಳು ಕೊಟ್ಟು ನಿಂತಿದ್ದಳು, ಅವನು ಹಿಂಡಿಹಾಕಿದ. ಒಂದೆರಡು ಸಲ ಉಸಿರು ಎಳೆದು ಬಿಡುವಷ್ಟರಲ್ಲಿ ಒತ್ತಡ ಕರಗಿಹೋಯಿತು. “ಮುಗೀತು,” ಎಂದರು ಡಾಕ್ಟರಮ್ಮ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಗಾಜಣ್ಣ ಮೊದಲು ಬಲಗಾಲಿನ ಹೆಬ್ಬೆರಳು ಆಡಿಸಿದ, ಆಮೇಲೆ ಎಡಗಾಲಿನದು. ಎರಡೂ ಆಡಿದವು. ಟೈಲರನ್ನು ಮನಸ್ಸಿನಲ್ಲೇ ಎರಡು ಮಾತು ಬೈದ.

ಒಂದು ಗಂಟೆ ಮಲಗಿಸಿ ಕಳಿಸುವಾಗ ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದ್ದರು. “ಇವತ್ತಿನ ಆರಾಮ ಮರಗಟ್ಟಿಸೋ ಮದ್ದಿನದು, ಸಂಜೆಗೆ ಹೋಗುತ್ತೆ. ನಾಳೆ ನಾಡಿದ್ದು ನೋವು ವಾಪಸ್ ಬರಬಹುದು, ಗಾಬರಿ ಆಗ್ಬೇಡಿ. ಸ್ಟೆರಾಯ್ಡ್ ಕೆಲಸ ಶುರು ಮಾಡೋಕೆ ನಾಲ್ಕೈದು ದಿನ ಬೇಕು, ಒಂದು ವಾರಾನೂ ಆಗಬಹುದು. ಅಲ್ಲಿವರೆಗೂ ಏನೂ ಎತ್ತಬೇಡಿ.” ಹೆಂಡತಿ ಕಿವಿಯಗಲಿಸಿ ಕೇಳಿಸಿಕೊಂಡಳು. ಭಾಮೈದ ಕೇಳಿಸಿಕೊಂಡ. ಕೇಳಿಸಿಕೊಳ್ಳಬೇಕಾದವನು ಮಾತ್ರ ಸುಮಾರು ಹತ್ತು ತಿಂಗಳಾದ ಮೇಲೆ ಮೊದಲ ಬಾರಿ ಎಡಗಾಲಿನ ಮೇಲೆ ಭಾರ ಬಿಟ್ಟು ನಿಂತ ಸುಖದಲ್ಲಿ ತೇಲುತ್ತಿದ್ದ.

ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸೆಂದು ಹಟ ಹಿಡಿದ. ಇಳಿದವನೇ ಟೈಲರನ್ನು ಕೂಗಿ ಕರೆದು, “ನೋಡಯ್ಯಾ, ಬಿದ್ದುಹೋದ ಕಾಲು!” ಎಂದು ಎರಡು ಹೆಜ್ಜೆ ಕುಣಿದ. ಸಾಲದೆಂದು ಬಾಗಿ ಅಲಮಾರಿಯ ಗಾಜಿನ ಹಲಗೆಯೊಂದನ್ನು ಎತ್ತಿ ತಲೆಯ ಮೇಲೆ ಹಿಡಿದ. ಭಾಮೈದ ಓಡಿಬಂದು ಕಿತ್ತುಕೊಂಡ.

ಮರುದಿನ ಬೆಳಿಗ್ಗೆ ನೋವು ಬಡ್ಡಿ ಸಮೇತ ಹಾಜರಾಗಿತ್ತು. ಗಾಜಣ್ಣ ಹಾಸಿಗೆಯಲ್ಲೇ ಆಕಾಶ ಭೂಮಿ ಒಂದು ಮಾಡಿದ. ಮೋಸ, ಶುದ್ಧ ಮೋಸ, ಬೆನ್ನಿಗೆ ನೀರು ಚುಚ್ಚಿ ಕಳಿಸಿದ್ದಾರೆ ಎಂದ. ಫೋನು ಹಚ್ಚಿಸಿ ಡಾಕ್ಟರಮ್ಮನಿಗೂ ಅದನ್ನೇ ಹೇಳಿದ.

“ಜ್ವರ ಇದೆಯಾ? ಕಾಲು ಸೋತ ಹಾಗಾಗಿದೆಯಾ? ಮೂತ್ರಕ್ಕೆ ಹೋಗೋಕೆ ತೊಂದರೆ?” ಅವರ ದನಿ ಕಿಂಚಿತ್ತೂ ಏರಲಿಲ್ಲ.

“ಅದೇನೂ ಇಲ್ಲ. ನೋವು ಇದೆ!”

“ಹೇಳಿದ್ನಲ್ಲ, ಕಾಯಬೇಕು ಅಂತ. ನಿನ್ನೆ ಏನಾದ್ರೂ ಎತ್ತಿದ್ರಾ?”

“ಛೆ ಛೆ, ಎಲ್ಲಿ!”

“ಎತ್ತಿದ್ರು!” ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು. “ಗಾಜಿನ ಹಲಗೆ, ತಲೆ ಮೇಲೆ!”

“ಇನ್ನು ಆರು ದಿನ,” ಎಂದರು ಡಾಕ್ಟರಮ್ಮ, “ನಿಮ್ಮ ಹೆಂಡತಿ ಹೇಳಿದ ಹಾಗೆ ಕೇಳಿ. ಅದೇ ಮದ್ದು.”

ಆ ಆರು ದಿನ ಮನೆಯಲ್ಲಿ ಯಾರ ರಾಜ್ಯಭಾರ ನಡೆಯಿತೆಂದು ಬೇರೆ ಹೇಳಬೇಕಾಗಿಲ್ಲ. ಗಾಜಣ್ಣ ಹಾಲಿನಿಂದ ಬಾಗಿಲವರೆಗೆ, ಬಾಗಿಲಿನಿಂದ ಹಾಲಿಗೆ ಮೆಲ್ಲಗೆ ನಡೆದ. ಮೂರನೆಯ ದಿನ ಆಸೆ ಬಿಟ್ಟ. ನಾಲ್ಕನೆಯ ದಿನ, ನೃತ್ಯಶಾಲೆಗೆ ಆ ಮರದ ಅಡ್ಡೆಯವನನ್ನೇ ಕರೆದುಕೋ ಎಂದು ಭಾಮೈದನಿಗೆ ಹೇಳಿಬಿಡಬೇಕೆಂದು ಮಾತು ಜೋಡಿಸಿಕೊಂಡ. ಭಾಮೈದ ಬಂದಾಗ ಬರೀ ಅಂಗಡಿಯ ಲೆಕ್ಕ ಕೇಳಿ ಕಳಿಸಿದ.

ಆರನೆಯ ದಿನ ಬೆಳಿಗ್ಗೆ ಅವನು ಎದ್ದು, ಮುಖ ತೊಳೆದು, ಚಹಾ ಕುಡಿದು, ನಡೆದಾಡಿ ಬರುತ್ತೇನೆಂದು ಬೀದಿಗಿಳಿದ. ಮೂಲೆಯ ದಿನಸಿ ಅಂಗಡಿ ದಾಟಿದ ಮೇಲೆ ಹಿಂದಿನಿಂದ ಹೆಂಡತಿ ಕೂಗುತ್ತಾ ಓಡಿಬರುವುದು ಕೇಳಿಸಿತು. ತಿರುಗಿ ನೋಡಿದರೆ ಅವಳ ಕೈಯಲ್ಲೊಂದು ಕಾಲುಚೀಲ.

“ರೀ! ಬರಿಗಾಲಲ್ಲಿ ಬೂಟು ಹಾಕ್ಕೊಂಡು ಹೋದ್ರಾ? ಕೂಗಿದ್ರೆ ಬರ್ತಿರಲಿಲ್ವಾ ನಾನು?”

ಗಾಜಣ್ಣ ಪ್ಯಾಂಟು ಎತ್ತಿ ನೋಡಿಕೊಂಡ. ಎಡಗಾಲಿನಲ್ಲಿ ಕಾಲುಚೀಲವಿತ್ತು. ಬಲಗಾಲಿನಲ್ಲೂ ಇತ್ತು. ಹೆಂಡತಿ ತಂದದ್ದು ಬೇರೆ ಜೊತೆಯದು. ಯಾವಾಗ ಬಾಗಿದೆ, ಯಾವಾಗ ಹಾಕಿಕೊಂಡೆ ಎಂದು ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ. ನೋವಿದ್ದರೆ ತಾನೇ ನೆನಪಿರುವುದು!

ಬೀದಿಯ ನಡುವೆ, ದಿನಸಿ ಅಂಗಡಿಯವನು ನೋಡುತ್ತಿದ್ದಾನೆಂಬುದನ್ನೂ ಮರೆತು, ಐವತ್ತೆರಡು ವರ್ಷದ ಗಂಡಸು ಕಣ್ಣೊರೆಸಿಕೊಂಡ. ಹೆಂಡತಿ ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿ, ಕೈಯಲ್ಲಿದ್ದ ಕಾಲುಚೀಲದಿಂದಲೇ ತನ್ನ ಮೂಗೊರೆಸಿಕೊಂಡಳು. “ಸದ್ಯ,” ಎಂದಳು, “ನನ್ನ ಸೊಂಟವೂ ಉಳೀತು.” ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ, ಅವರ ಕೈಗೆ ಪುಣ್ಯ ಬರಲಿ ಎಂದು ಗಾಜಣ್ಣ ದಾರಿಯುದ್ದಕ್ಕೂ ಗಟ್ಟಿಯಾಗಿಯೇ ಹೇಳಿಕೊಂಡು ಬಂದ.

ಮುಂದಿನ ಐದು ವಾರ ಅವನು ವ್ಯಾಯಾಮ ಮಾಡಿದ್ದನ್ನು ನೋಡಬೇಕಿತ್ತು. ಗಾಜು ಕತ್ತರಿಸುವ ಮೇಜಿಗೆ ದಪ್ಪ ಕಂಬಳಿಬಟ್ಟೆ ಹೊದಿಸಿರುತ್ತಾರಲ್ಲ, ದಿನಾ ಬೆಳಿಗ್ಗೆ ಅದರ ಮೇಲೆ ಅಂಗಾತ ಮಲಗಿ ಸೊಂಟ ಎತ್ತಿ ಇಳಿಸುವುದು. ಭಾಮೈದ ಪಕ್ಕದಲ್ಲಿ ನಿಂತು ಎಣಿಸುವುದು. ಟೈಲರು ಇಣುಕಿ, “ಯಾವ ಅಳತೆಗೆ ಕತ್ತರಿಸ್ತಿದ್ದೀರಪ್ಪಾ ಇವರನ್ನ?” ಎಂದರೆ ಭಾಮೈದ ಎಣಿಕೆ ತಪ್ಪಿಸದೆ, “ಹನ್ನೆರಡು, ಹದಿಮೂರು,” ಎನ್ನುತ್ತಿದ್ದ. ಇಷ್ಟೆಲ್ಲ ಮಾಡಿಸುತ್ತಿದ್ದರೂ ಭಾವನ ಮನಸ್ಸಿನ ಮುಳ್ಳು ಹೋಗಿರಲಿಲ್ಲ. ನೋವಿನ ಸಂಗತಿ ಇವನಿಗೆ ತಿಳಿದದ್ದು ಚಪ್ಪಲಿ ಅಂಗಡಿಯ ದಿನ. ಕೆಳಗಿನ ತುದಿ ಕಸಿದುಕೊಂಡದ್ದು ಅದಕ್ಕೂ ಎಷ್ಟೋ ತಿಂಗಳು ಮುಂಚೆ. ಅಂದ ಮೇಲೆ ಅದು ಅಧಿಕಾರದ ಆಸೆಯಲ್ಲದೆ ಮತ್ತೇನು?

ಕೊನೆಯ ಭೇಟಿಯಲ್ಲಿ ಅವನು ಡಾಕ್ಟರಮ್ಮನಿಗೆ ಅಂಚು ನುಣುಪು ಮಾಡಿದ ಒಂದು ಪುಟ್ಟ ಕನ್ನಡಿ ಕೊಟ್ಟು, ಕೆಳಗಿನ ತುದಿ ಹಿಡಿಯಬಹುದೇ ಎಂದು ಕೇಳಿದ. ಅವರು ಬಗ್ಗಿಸಿ, ಎಬ್ಬಿಸಿ, ಕಾಲೆತ್ತಿಸಿ ನೋಡಿದರು. “ಮೊಣಕಾಲು ಮಡಚಿ ಎತ್ತಿ. ಸೊಂಟಕ್ಕೆ ಪಟ್ಟಿ ಕಟ್ಟಿ ಹೊರಿ. ಎಲ್ಲಾ ಭಾರ ಒಬ್ರ ಮೇಲೇ ಬೀಳೋ ಹಾಗೆ ಮಾಡ್ಕೋಬೇಡಿ, ಹಂಚ್ಕೊಳ್ಳಿ,” ಎಂದರು. ಗಾಜಣ್ಣನಿಗೆ ಬೇಕಾದ ಉತ್ತರ ಸಿಕ್ಕಿತ್ತು.

ನೃತ್ಯಶಾಲೆಯ ಮೆಟ್ಟಿಲ ಬುಡದಲ್ಲಿ ಮೊದಲ ಕನ್ನಡಿ ಇಳಿಸಿದಾಗ ಅವನು ಜಗಳಕ್ಕೆ ಸಿದ್ಧವಾಗಿಯೇ ನಿಂತಿದ್ದ.

“ಇವತ್ತು ಕೆಳಗೆ ನಾನು,” ಎಂದ, ದನಿ ಎತ್ತರಿಸಿ.

ಭಾಮೈದ ಒಂದು ಕ್ಷಣ ಅವನ ಮುಖ ನೋಡಿದ. ಆಮೇಲೆ ಆ ಮೌನಿಯ ಮುಖದ ತುಂಬ ನಗು ಹರಡಿತು. “ಬನ್ನಿ ಭಾವ,” ಎಂದು ಪಕ್ಕಕ್ಕೆ ಸರಿದು, ತಾನೇ ಪಟ್ಟಿ ಬಿಗಿದು ಕೊಟ್ಟು, ಎರಡೆರಡು ಮೆಟ್ಟಿಲು ಹಾರಿ ಮೇಲಿನ ತುದಿಗೆ ಹೋದ. ಜಗಳಕ್ಕೆಂದು ಕೂಡಿಟ್ಟ ದನಿಯಲ್ಲೇ ಗಾಜಣ್ಣ ‘ಎತ್ತು’ ಎಂದ.

ಮೂರು ಕನ್ನಡಿ ಏರಿದವು. ಮೂರಕ್ಕೂ ಕೆಳಗೆ ಗಾಜಣ್ಣನೇ. ತೊಡೆ ಬಿಗಿಯಿತು, ಬೆವರು ಇಳಿಯಿತು, ಉಸಿರು ಏದುಸಿರಾಯಿತು. ಆದರೆ ಆ ಹಾಳು ಎಳೆ ಮಾತ್ರ ಕಾಲಿಗೆ ಇಳಿಯಲಿಲ್ಲ. ‘ನಿಲ್ಲು’, ‘ಎತ್ತು’, ‘ಎಡಕ್ಕೆ’ ಎಂದು ಕೂಗುವಾಗ ಕಟ್ಟಡವೆಲ್ಲ ಮೊಳಗಿತು. ಮೂರನೇ ಮಹಡಿಯ ಖಾಲಿ ಹಾಲಿನಲ್ಲಿ ಕನ್ನಡಿಗಳನ್ನು ಗೋಡೆಗೆ ಒರಗಿಸಿ, ಗಾಜಣ್ಣ ಪೆನ್ಸಿಲ್ ಹಿಡಿದು ಅಂಚು ಪರೀಕ್ಷಿಸತೊಡಗಿದ. ಕನ್ನಡಿಯವರಿಗೆ ಕನ್ನಡಿಯೊಳಗೆ ನೋಡುವ ಅಭ್ಯಾಸವಿರುವುದಿಲ್ಲ. ಅವರು ನೋಡುವುದು ಅಂಚು, ಗೀರು, ಹಿಂಬದಿಯ ಲೇಪ. ಎಲ್ಲವೂ ಚೊಕ್ಕಟವಾಗಿದ್ದುದರಿಂದಲೋ, ಖುಷಿ ಹೆಚ್ಚಾಗಿದ್ದುದರಿಂದಲೋ, ಗಾಜಣ್ಣನ ಕಣ್ಣು ಅಂದು ಒಂದು ಗಳಿಗೆ ಕನ್ನಡಿಯ ಒಳಗೆ ಹೋಯಿತು.

ಒಳಗೆ ಅವನ ಹಿಂದೆ, ಹಾಲಿನ ಆ ತುದಿಯಲ್ಲಿ, ಭಾಮೈದ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಎಡಗೈಯಲ್ಲಿ ಬಲಭುಜ ಅದುಮಿಕೊಂಡು, ಮೆಲ್ಲಗೆ ತೋಳು ತಿರುಗಿಸುತ್ತಿದ್ದ. ಅರ್ಧ ಸುತ್ತಿಗೇ ತೋಳು ನಿಂತಿತು. ಹಲ್ಲು ಕಚ್ಚಿಕೊಂಡದ್ದು ದವಡೆಯ ಪಕ್ಕದಿಂದಲೇ ತಿಳಿಯುತ್ತಿತ್ತು. ಆಮೇಲೆ ಏನೂ ಆಗದವನಂತೆ ಕೈ ಕೆಳಗಿಳಿಸಿದ.

ಗಾಜಣ್ಣನ ಕೈಯಲ್ಲಿದ್ದ ಪೆನ್ಸಿಲ್ ನಿಂತುಹೋಯಿತು. ಅದೇ ನಿಲುವು, ಅದೇ ತಿರುಗಿಸಿದ ಬೆನ್ನು! ಅವನ ಕಣ್ಣ ಮುಂದೆ ಅಂಗಡಿಯ ಗೋಡೆ ಬಂದು ನಿಂತಿತು, ಆ ಗೋಡೆಯ ತುಂಬ ಕನ್ನಡಿ.

“ಏಯ್,” ಎಂದ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. “ಇಲ್ಲಿ ಬಾರೋ. ನನ್ನ ಸೊಂಟದ ವಿಷಯ ನಿನಗೆ ಗೊತ್ತಾಗಿದ್ದು ಯಾವತ್ತು?”

ಭಾಮೈದ ನೆಲ ನೋಡಿದ. “ಈಗ್ಯಾಕೆ ಭಾವ ಅದೆಲ್ಲ?”

“ಕೇಳಿದ್ದಕ್ಕೆ ಹೇಳು.”

“ಬ್ಯಾಂಕಿನ ಬಾಗಿಲು ಸಾಗಿಸಿದ ದಿನ. ಬೆಳಿಗ್ಗೆ ಅಂಗಡೀಲಿ ನೀವು ನನಗೆ ಬೆನ್ನು ತಿರುಗಿಸಿ ಸೊಂಟ ಹಿಡ್ಕೊಂಡು ನಿಂತಿದ್ರಿ. ಎದುರಿಗೆ ಏಳು ಕನ್ನಡಿ. ಏಳರಲ್ಲೂ ನಿಮ್ಮ ಮುಖ.”

ಜೀವಮಾನವೆಲ್ಲ ಕನ್ನಡಿ ಮಾರಿದವನು, ಕನ್ನಡಿಯ ಮುಂದೆ ನಿಂತು ಮುಖ ಮುಚ್ಚಿಟ್ಟುಕೊಂಡಿದ್ದ! ಬೇರೆ ದಿನವಾಗಿದ್ದರೆ ಗಾಜಣ್ಣ ತನ್ನ ದಡ್ಡತನಕ್ಕೆ ತಾನೇ ನಗುತ್ತಿದ್ದನೇನೋ. ಅಂದು ನಗು ಬರಲಿಲ್ಲ. ಒಂದು ವರ್ಷದ ಮೆಟ್ಟಿಲುಗಳೆಲ್ಲ ಒಂದೊಂದಾಗಿ ನೆನಪಾದವು. ಪ್ರತಿಯೊಂದರಲ್ಲೂ ಕೆಳಗೆ ಇವನಿದ್ದ, ಮೇಲೆ ತಾನು ಹೊಟ್ಟೆ ಉರಿದುಕೊಳ್ಳುತ್ತಾ ನಿಂತಿದ್ದ.

“ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿನಗೆ? ನಾನು ಏನೇನು ಅಂದ್ಕೊಂಡಿದ್ದೆ ಗೊತ್ತಾ? ಅಂಗಡಿ ಹೊಡ್ಕೊಳ್ಳೋಕೆ ನಿಂತಿದ್ದಾನೆ ಅಂದ್ಕೊಂಡಿದ್ದೆ.”

“ಗೊತ್ತು ಭಾವ. ಅಕ್ಕ ಹೇಳಿದ್ಲು.”

“ಗೊತ್ತಿದ್ದೂ ಸುಮ್ನಿದ್ಯಾ?”

“ಹೇಳಿದ್ರೆ ನೀವು ಹೊರೋದು ಬಿಟ್ಟು ಮನೇಲಿ ಕೂತುಬಿಡ್ತಿದ್ರಿ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ವಾ?” ಭಾಮೈದ ಕೈಗವಸನ್ನು ತಿರುವಿದ, ಮತ್ತೆ ತಿರುವಿದ. “ಆಮೇಲೆ ನಾನು ಯಾರ ಜೊತೆ ಹೊರಲಿ?”

ಗಾಜಣ್ಣ ಹೋಗಿ ಭಾಮೈದನ ಬಲಭುಜದ ಮೇಲೆ, ನೋವಿದ್ದ ಜಾಗದಲ್ಲೇ, ಮೆತ್ತಗೆ ಕೈಯಿಟ್ಟ.

“ನನ್ನನ್ನ ಕಾಲ ಮೇಲೆ ನಿಲ್ಲಿಸಿದ್ದು ಆ ಡಾಕ್ಟರಮ್ಮನ ಸೂಜಿ ಅಂತ ಊರಿಗೆಲ್ಲ ಸಾರಿದೆ ಕಣೋ. ಸೂಜಿ ಬಂದಿದ್ದು ಆಮೇಲೆ. ಅಲ್ಲಿವರೆಗೂ ನನ್ನನ್ನ ಹೊತ್ತಿದ್ದು ನೀನು. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ.”

ಭಾಮೈದನ ಕಿವಿ ಕೆಂಪಾಯಿತು. “ಮದ್ದು ತಲೆಗೇರಿದೆ ನಿಮಗೆ. ನಡೀರಿ, ಇನ್ನೂ ಆರು ಕನ್ನಡಿ ಇದೆ.”

“ನಾಳೆ ನಿನ್ನ ಭುಜ ಡಾಕ್ಟರಿಗೆ ತೋರಿಸ್ತೀಯ. ಗಾಡಿ ನಾನು ತರ್ತೀನಿ. ಏಳಲ್ಲ ಅಂದ್ರೆ ಹಾಸಿಗೆ ಸಮೇತ ಎತ್ಕೊಂಡು ಹೋಗ್ತೀನಿ.”

“ಏನೂ ಎತ್ತಬೇಡಿ ಅಂದಿದ್ದಾರೆ ಡಾಕ್ಟರಮ್ಮ.”

“ಹಂಚ್ಕೊಳ್ಳಿ ಅಂದಿದ್ದಾರೆ. ಸರಿಯಾಗಿ ಕೇಳಿಸ್ಕೋ. ಇನ್ನು ಒಂದು ಮಹಡಿ ಕೆಳಗೆ ನಾನು, ಇನ್ನೊಂದು ಮಹಡಿ ನೀನು. ತಿರುವಿನಲ್ಲಿ ಇಳಿಸಿ ಜಾಗ ಬದಲಾಯಿಸೋದು.”

ಭಾಮೈದ ಮೆಟ್ಟಿಲಿಳಿಯುತ್ತಾ ಲೆಕ್ಕ ಹಾಕಿದ. “ಮಹಡಿ ಮೂರಿದೆ ಭಾವ. ಮೂರನೇದು ಯಾರದು?”

ಅದೊಂದು ಗಾಜಣ್ಣನಿಗೆ ಹೊಳೆದಿರಲಿಲ್ಲ. ನೃತ್ಯಶಾಲೆಯ ಮೇಡಮ್ಮು ಆಮೇಲೆ ಹೇಳುತ್ತಿದ್ದರಂತೆ, ಆ ಇಬ್ಬರು ಉಳಿದ ಆರು ಕನ್ನಡಿಗೂ ಎರಡನೇ ಮಹಡಿಯ ತಿರುವಿನಲ್ಲಿ ನಿಂತು, ಕೆಳಗೆ ನಾನು, ಅಲ್ಲ ನಾನು ಎಂದು ಕಟ್ಟಡ ಕಿತ್ತುಹೋಗುವಂತೆ ಜಗಳವಾಡಿದರು ಎಂದು.